ಡಬ್ಬಿಗೆ ಹಾಕಿದ ಸಕ್ಕರೆ

ಚಿದಂಬರ ಸ್ಟೀಲಿನ ಡಬ್ಬಿಗೆ ಸಕ್ಕರೆ ಸುರಿದ. ಹೆಚ್ಚಾಯಿತೆನಿಸಿ ಅರ್ಧ ತೆಗೆದ. ಕಡಿಮೆಯಾಯಿತೆನಿಸಿ ಮತ್ತೆ ಸುರಿದ. ಕಾರಿನ ಪಕ್ಕದ ಸೀಟಿನಲ್ಲಿಟ್ಟು ಡಬ್ಬಿಗೆ ಬೆಲ್ಟ್ ಹಾಕಿದ. ನಗಬೇಕೆನಿಸಿತು, ನಗಲಿಲ್ಲ.

ಕಮ್ಯುನಿಸಂ ಬಿಟ್ಟು ಮಾರುಕಟ್ಟೆಗೆ ಬಂದ ದೇಶಗಳ ಚಾಲ್ತಿ ಖಾತೆಯ ಕೊರತೆ ಎಷ್ಟು ಕಾಲ ಬಾಳೀತೆಂದು ಹೇಳುವುದು ಸೌತ್‌ಫೀಲ್ಡಿನ ಆಫೀಸಿನಲ್ಲಿ ಚಿದಂಬರನ ಕೆಲಸ. ಹೊರಗೆ ಮಾರುವುದಕ್ಕಿಂತ ಹೊರಗಿನಿಂದ ಕೊಳ್ಳುವುದೇ ಹೆಚ್ಚಾದರೂ ಅವು ಬದುಕುತ್ತವೆ, ಅವುಗಳ ನಾಳೆಯನ್ನು ಹೊರಗಿನವರು ನಂಬುವತನಕ. ನಂಬಿಕೆ ಹೋದರೆ ಹಣದ ಹರಿವು ಮೆಲ್ಲಗೆ ಇಳಿಯುವುದಿಲ್ಲ; ಒಂದು ದಿನ ನಿಂತುಬಿಡುತ್ತದೆ. ಹಾಗೆಂದು ಶುಕ್ರವಾರವಷ್ಟೇ ವರದಿ ಮುಗಿಸಿದ್ದ.

ಹತ್ತಿರದ ಊರು ಟ್ರಾಯ್‌ನ ಕಮಲವ್ವ ಆಂಟಿ ಎರಡು ವರ್ಷದಿಂದ ಪ್ರತಿ ಭಾನುವಾರ ದೇವಸ್ಥಾನದಲ್ಲಿ ಅವನಿಗೊಂದು ಡಬ್ಬಿ ಕೊಡುತ್ತಿದ್ದರು. ಶೇಂಗಾ ಹೋಳಿಗೆ, ಎಣಗಾಯಿ, ಮಾದಲಿ. ಮುಚ್ಚಳ ತೆಗೆದರೆ ಗದಗಿನ ಅಡುಗೆಮನೆ. ತಿಂದು, ತೊಳೆದು, ಖಾಲಿ ಡಬ್ಬಿ ಮರಳಿಸುತ್ತಿದ್ದ. ಕಳೆದ ತಿಂಗಳಿಂದ ಡಬ್ಬಿ ಬಂದಿರಲಿಲ್ಲ. ಕೊನೆಯದು ಅವನಲ್ಲೇ ಉಳಿದಿತ್ತು.

ಇವತ್ತು ಅದನ್ನು ಒರೆಸುವಾಗ ನೆನಪಾಯಿತು. ಗದಗಿನ ಓಣಿಯ ಯಾರ ಪಾತ್ರೆಯನ್ನೂ ಅವ್ವ ಖಾಲಿ ಕಳಿಸುತ್ತಿರಲಿಲ್ಲ. ಏನೂ ಇಲ್ಲದ ದಿನ ಒಂದಿಷ್ಟು ಸಕ್ಕರೆ. ಒಯ್ಯುತ್ತಿದ್ದವನು ಇವನೇ, ಸಂಜೆಬಿಸಿಲಿನಲ್ಲಿ, ಗೋಡೆಗೆ ಭುಜ ಉಜ್ಜುತ್ತ, ಬೆರಳದ್ದಿ ನೆಕ್ಕುತ್ತ. ಮರೆತದ್ದು ಅದೊಂದೇ. ಸರಿಪಡಿಸಬಹುದು.

ಬಾಗಿಲು ತೆರೆದವಳು ಆಂಟಿಯ ಮಗಳು ಅಕ್ಷರಾ. “ಓಹ್, ಹಾಯ್. ಮಾಮ್! ಡಬ್ಬಿ ಗೈ ಈಸ್ ಹಿಯರ್!”

ಕಮಲವ್ವ ಕೈ ಒರೆಸಿಕೊಳ್ಳುತ್ತ ಬಂದರು. ಅವರ ಹಿಂದಿನಿಂದ ಎಳ್ಳು ಹುರಿಯುವ ವಾಸನೆ.

“ಚಲೋ ಆತು ಬಂದದ್ದು. ಅಕ್ಷರಾಂದು ಲಗ್ನ ಗಟ್ಟಿ ಆತಪಾ. ಹುಡುಗ ಡಾಕ್ಟರ, ಲೈಲ್ ಊರಿನ ಕಡೆಯಾಂವ.”

“ಕಂಗ್ರಾಟ್ಸ್, ಆಂಟಿ.”

“ನೀ ಏನೂ ಬಾಯಿ ಬಿಡಲಿಲ್ಲ, ಎಷ್ಟಂತ ಕಾಯೂದು ಅಂದ್ರು ನಮ್ಮ ಮನಿಯವರು.” ಅವರು ನಕ್ಕರು. “ಇರ್ಲಿ ಬಿಡು.”

ಹೋಳಿಗೆಯೂ ಒಂದು ನಾಳೆಯನ್ನು ನಂಬಿಯೇ ಬರುತ್ತಿತ್ತು. ಎರಡು ವರ್ಷ ಅವನಿಗೆ ತಿಳಿದದ್ದು ಅದರ ರುಚಿ ಮಾತ್ರ.

“ಡಬ್ಬಿ,” ಎಂದ. “ಖಾಲಿ ಇಲ್ಲ, ಆಂಟಿ. ಸಕ್ಕರಿ ಹಾಕೀನಿ. ನಮ್ಮವ್ವ ಹಂಗ ಹಾಕತಿದ್ಲು.”

“ಈಗ?”

“ಮರ್ತಿದ್ದೆ.”

ಅವನೇ ಮುಚ್ಚಳ ತೆಗೆದು ತೋರಿಸಿದ. ಡಬ್ಬಿಯ ಪಕ್ಕೆಯಲ್ಲಿ, ಅವರ ಮದುವೆಗೆಂದು ಕೊರೆಸಿದ್ದ ಅಕ್ಷರಗಳು ಅರೆಬರೆ ಸವೆದಿದ್ದವು: ಸೌ. ಕಮಲವ್ವ. ಮುಚ್ಚಳಕ್ಕೆ ಅಂಟಿದ್ದ ಸಕ್ಕರೆ ಉದುರಿ ಮೆಟ್ಟಿಲ ಹಿಮದ ಮೇಲೆ ಬಿತ್ತು. ಬಿದ್ದದ್ದು ಎಲ್ಲಿ ಎಂದು ಕಾಣಲಿಲ್ಲ.

ಅವನು ಡಬ್ಬಿಯನ್ನು ಇನ್ನಷ್ಟು ಮುಂದೆ ಚಾಚಿದ.

“ಬ್ಯಾಡ್ರಿ,” ಎಂದರು ಕಮಲವ್ವ. “ಡಬ್ಬಿನೂ ನೀವ ಇಟ್ಕೊಳ್ರಿ.”