ಎಸೆದ ಗೆರೆಗಳಲ್ಲಿ ಅಪ್ಪ

ನನ್ನ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಅದರಲ್ಲಿ ಅಪ್ಪ ಇರುವುದು ಒಂದೇ ಕಡೆ. ಕ್ಯಾಮೆರಾ ಕಂಡರೆ ಅಡಿಗೆಯ ಕಡೆ ಓಡುತ್ತಿದ್ದ ಮನುಷ್ಯ. ಹೆಣ್ಣೊಪ್ಪಿಸುವ ಹೊತ್ತಿಗೆ ಕರೆಂಟು ಹೋಯಿತು. ಕರೆಂಟು ಹೋದರೂ ಕ್ಯಾಮೆರಾ ನಿಲ್ಲಿಸದಿರುವುದು ನಮ್ಮ ಕೊಟ್ಟೂರಿನ ವಿಡಿಯೋ ದಾದಾಪೀರನ ಪದ್ಧತಿ. ಆ ಕತ್ತಲಲ್ಲಿ ಫೋಟೋದವನ ಫ್ಲಾಶ್ ಒಮ್ಮೆ ಹೊಡೆದಾಗ ಕಂಬದ ಹಿಂದೆ ಅಪ್ಪ ಕಂಡ.

ಅಪ್ಪ ತೀರಿಕೊಂಡ ಮೇಲೆ ಅವ್ವ ಅದನ್ನೇ ಮತ್ತೆ ಮತ್ತೆ ಹಾಕಿಸಿ ನೋಡುತ್ತಿದ್ದಳು. "ಟವಲ್ಲಿನಾಗ ಕಣ್ಣು ಒರಸ್ಕೊಳ್ಳಾಕತ್ತಿದ್ರು ನಿಮ್ಮಪ್ಪಾರು," ಎನ್ನುತ್ತಿದ್ದಳು. ಬದುಕಿದ್ದಾಗ ಸಕ್ಕರೆ ಕಾಯಿಲೆಯವನೆಂದು ಬೆಲ್ಲದ ಡಬ್ಬಿಗೂ ಬೀಗ ಹಾಕಿ ಕಾಡಿದವಳು ಇವಳೇ.

ಕ್ಯಾಸೆಟ್ಟು ಹಾಳಾಗುವ ಮೊದಲು ಕಂಪ್ಯೂಟರಿಗೆ ಇಳಿಸಲು ಹೊರಟೆ. ಊರಿಗೆಲ್ಲ ಕಂಪ್ಯೂಟರ್ ಕಲಿಸುವವಳೆಂಬ ಜಂಬ ಬೇರೆ. ತಂದ ಕ್ಯಾಪ್ಚರ್ ಕಾರ್ಡಿಗೆ ನನ್ನ ಕಂಪ್ಯೂಟರಿನ ಲಿನಕ್ಸಿನಲ್ಲಿ ಡ್ರೈವರ್ ಇರಲಿಲ್ಲ. ಕಾರ್ಡಿನಿಂದ ಚಿತ್ರ ತೆಗೆದುಕೊಡುವ ಆ ಪ್ರೋಗ್ರಾಮನ್ನು ನಾನೇ ಬರೆದೆ.

ಟೀವಿಯ ಚಿತ್ರ ಒಮ್ಮೆಗೇ ಬರುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, ಕಣ್ಣು ಮಿಟುಕಿಸುವುದರೊಳಗೆ ನಡುವೆ ಉಳಿದ ಗೆರೆಗಳು. ಈ ಎರಡು ಅರ್ಧಗಳನ್ನು ಸೇರಿಸಿದರೆ ಅಲುಗಾಡಿದ್ದೆಲ್ಲ ಬಾಚಣಿಗೆಯ ಹಲ್ಲಾಗುತ್ತಿತ್ತು. ನನ್ನ ಕೈಗೂ ಹಲ್ಲು, ಗಂಡನ ಮೂಗಿಗೂ ಹಲ್ಲು. ತಲೆಕೆಟ್ಟು, ಎರಡನೆಯ ಅರ್ಧವನ್ನು ಎಸೆದುಬಿಡುವಂತೆ ಬರೆದೆ. ಚಿತ್ರ ತಿಳಿಯಾಯಿತು. ಅವ್ವನನ್ನು ಕರೆದು ಕೂರಿಸಿದೆ.

ಪರದೆಯಲ್ಲಿ ಕತ್ತಲು ಬಂತು, ಹೋಯಿತು.

"ನಿಮ್ಮಪ್ಪಾರು ಎಲ್ಲಿ?" ಎಂದಳು ಅವ್ವ.

ಮತ್ತೆ ಹಾಕಿದೆ. ಅಪ್ಪ ಇಲ್ಲ. ಅದೇ ಕ್ಯಾಸೆಟ್ಟು, ಅದೇ ವಿಸಿಆರ್. ಟೀವಿಗೆ ಕೊಟ್ಟರೆ ಇದ್ದಾನೆ, ಕಂಪ್ಯೂಟರಿಗೆ ಕೊಟ್ಟರೆ ಇಲ್ಲ. ವೈರು ಬದಲಿಸಿದೆ, ಕಾರ್ಡು ಕಿತ್ತು ಮತ್ತೆ ಹಾಕಿದೆ. ನನಗೇ ದೆವ್ವ ಬಡಿದಂತಾಗಿತ್ತು.

ಕೊನೆಗೆ ದಾದಾಪೀರನನ್ನೇ ಕರೆಸಿದೆ. ಅವನು ಟೇಪನ್ನು ಬೆಳಕಿಗೆ ಹಿಡಿದು ನೋಡಿದ. "ಇನ್ನೊಂದು ಸಲ ಓಡಿದ್ರ ದೊಡ್ಡದ್ರಿ ಅಕ್ಕಾರ."

"ನಿನ್ನ ಡಬ್ಬಿ ನುಂಗೈತಿ ಬಿಡು ವಾಣಿ," ಎಂದಳು ಅವ್ವ. "ಮೊದ್ಲ ಅವರು ಮಿಂಚಿನಂಗ ಬಂದು ಹೋಗೋರು."

ರೇಗಿ ಏನೋ ಅನ್ನಲು ಹೊರಟವಳಿಗೆ ಥಟ್ಟನೆ ಹೊಳೆಯಿತು. ಮಿಂಚು. ಫ್ಲಾಶಿನ ಬೆಳಕು ಇರುವುದೇ ಅಷ್ಟು ಹೊತ್ತು. ಅದು ಗೆರೆಗಳ ಒಂದೇ ಅರ್ಧಕ್ಕೆ ಬಿದ್ದಿದೆ. ಆ ಅರ್ಧವನ್ನೇ ನಾನು ಎಸೆದಿದ್ದೆ.

ಎರಡೂ ಅರ್ಧಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳುವಂತೆ ಡ್ರೈವರ್ ತಿದ್ದಿದೆ. ಕ್ಯಾಸೆಟ್ಟು ಕಿರುಗುಡುತ್ತ ಕೊನೆಯ ಸಲ ಓಡಿತು. ಆ ಕತ್ತಲಿಗೆ ಬಂದು, ಒಂದೊಂದೇ ಚಿತ್ರ ಸರಿಸುತ್ತ ಹೋದೆ. ಅಪ್ಪ ಬಂದ. ಮೊದಲ ಸಲ ಓಡದೆ ನಿಂತ.

ಟವಲ್ಲು ಕಣ್ಣಿನ ಹತ್ತಿರ ಇರಲಿಲ್ಲ, ಬಾಯಿಯ ಹತ್ತಿರ ಇತ್ತು. ಅದರ ಮರೆಯಲ್ಲಿ ಅರ್ಧ ಕಚ್ಚಿದ ಲಾಡು. ಕೆನ್ನೆ ಉಬ್ಬಿತ್ತು. ಕಣ್ಣು ಅಡಿಗೆಮನೆಯ ಬಾಗಿಲ ಮೇಲೆ, ಅವ್ವ ಬಂದಾಳೆಂದು.

ನನಗೆ ಭಯವಾಯಿತು. ಇಷ್ಟು ವರ್ಷ ನಂಬಿಕೊಂಡಿದ್ದ ಅಳುವನ್ನು ಅವ್ವನಿಂದ ಕಿತ್ತುಕೊಂಡೆನಲ್ಲ ಎಂದು ಚಿತ್ರ ಮುಂದೆ ಸರಿಸಲು ಹೋದೆ.

ಅವ್ವ ನನ್ನ ಕೈ ಹಿಡಿದಳು. ಪರದೆಗೆ ಮುಖ ತಂದು ಬಹಳ ಹೊತ್ತು ನೋಡಿದಳು.

"ಸರಸಬ್ಯಾಡ," ಎಂದಳು. "ತಿನ್ಲಿ ಬಿಡು."