ಉಲ್ಟಾ ತಿರುಗಿದ ಫ್ಯಾನು

ಕ್ಲಿಫರ್ಡ್‌ಗೆ ಎಪ್ಪತ್ತಮೂರು, ಅವನ ಹಸಿರು ಸ್ಪೋರ್ಟ್ಸ್ ಕಾರಿಗೆ ಅರವತ್ತು ದಾಟಿತ್ತು. ಇಬ್ಬರಲ್ಲಿ ಯಾರ ಹಠ ದೊಡ್ಡದು ಅಂತ ಕೇಳಿದರೆ ಇಂಗ್ಲೆಂಡಿನ ಮ್ಯಾಟ್ಲಾಕ್ ಊರಿನವರು ಯೋಚನೆಗೆ ಬೀಳುತ್ತಿದ್ದರು. ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು, ಒಂದು ಬೋಲ್ಟೂ ಬದಲಾಗಕೂಡದು ಅನ್ನುವುದು ಅವನ ವ್ರತ. ಎಂಜಿನ್ನಿನ ಬೆಲ್ಟಿಗೆ ತಿರುಗುವ ಹಳೇ ಫ್ಯಾನು ಗಾಡಿ ಓಡುವಾಗ ಸರಿ, ನಿಂತಾಗ ಶುದ್ಧ ಸೋಮಾರಿ. "ಒಂದು ಕರೆಂಟಿನ ಫ್ಯಾನು ಹಾಕ್ಸೋ ಮಾರಾಯ" ಅಂತ ಹೆಂಡತಿ ಎನಿಡ್ ಎಷ್ಟು ಸಲ ಹೇಳಿದ್ದಳೋ. ಕೇಳಿದರೆ ತಾನೆ!

ಎರಡು ವರ್ಷದ ಹಿಂದೆ ಎನಿಡ್‌ಳ ಅಕ್ಕ ಬೆರಿಲ್ ತೀರಿಕೊಂಡಾಗ ಇಬ್ಬರೂ ಇದೇ ಕಾರಿನಲ್ಲಿ ಹೊರಟರು. ಚೆಸ್ಟರ್‌ಫೀಲ್ಡ್ ದಾರಿಯಲ್ಲಿ ರಸ್ತೆ ಅಗೆದಿದ್ದರು. ಸಾಲಿನಲ್ಲಿ ನಿಂತೂ ನಿಂತೂ ರೇಡಿಯೇಟರ್ ಕುದಿದು ಉಕ್ಕಿತು. ಅದು ತಣಿದು, ನೀರು ತುಂಬಿಸಿ, ಚರ್ಚು ಮುಟ್ಟುವಷ್ಟರಲ್ಲಿ ಬೆರಿಲ್‌ಳನ್ನು ಮಣ್ಣು ಮಾಡಿ ಆಗಿತ್ತು. ಮನೆಗೆ ಬಂದ ಎನಿಡ್, ಗಾಳಿಗೆ ಅಂತ ತಲೆಗೆ ಕಟ್ಟಿದ್ದ ನೀಲಿ ರೇಷ್ಮೆ ಸ್ಕಾರ್ಫ್ ಬಿಚ್ಚಿ ಗ್ಯಾರೇಜಿನ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಆ ಕಾರು ಹತ್ತಲೇ ಇಲ್ಲ. ಕ್ಲಿಫರ್ಡ್ ರಸ್ತೆ ಅಗೆದವರನ್ನು ತಿಂಗಳುಗಟ್ಟಲೆ ಬೈದ. ತಪ್ಪಾಯ್ತು ಅನ್ನುವ ಒಂದು ಮಾತು ಮಾತ್ರ ಅವನ ಬಾಯಿಂದ ಹೊರಡಲಿಲ್ಲ.

ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಎಷ್ಟು ದಿನ ಸುತ್ತಿಯಾನು? ಈ ಮೇ ತಿಂಗಳ ಒಂದು ಬೆಳಿಗ್ಗೆ ಅವನು ವ್ರತ ಮುರಿದ. ಹಳೇ ಫ್ಯಾನು ಬಿಚ್ಚಿಟ್ಟು, ರೇಡಿಯೇಟರಿನ ಮುಂದೆ ಕರೆಂಟಿನ ಫ್ಯಾನು ಕೂರಿಸಿದ. ಫ್ಯಾನಿನ ಜೊತೆ ಬಂದ ಚೀಟಿಯಲ್ಲಿ ಬರೆದ ಹಾಗೆ ಕಪ್ಪು ತಂತಿ ಕಾರಿನ ಕಬ್ಬಿಣದ ಮೈಗೆ, ಕೆಂಪು ತಂತಿ ಬ್ಯಾಟರಿಗೆ. ನಡುವೆ, ಬಿಸಿ ಏರಿದರೆ ತಾನೇ ಫ್ಯಾನು ಹಚ್ಚುವ ಒಂದು ಸ್ವಿಚ್ಚು.

ಗಾಡಿಯನ್ನು ಅಂಗಳಕ್ಕೆ ತಂದು, ಎಂಜಿನ್ ಹಚ್ಚಿ ನಿಂತಲ್ಲೇ ಬಿಟ್ಟ. ಫ್ಯಾನೇನೋ ಭರ್ರೆಂದು ತಿರುಗಿತು. ಆದರೆ ಬಿಸಿ ತೋರಿಸುವ ಮುಳ್ಳು ಇಳಿಯುವ ಮಾತೇ ಇಲ್ಲ, ಏರುತ್ತಲೇ ಹೋಯಿತು.

ಚಹಾ ಹಿಡಿದು ಬಂದ ಎನಿಡ್ ಬಾಗಿಲಲ್ಲೇ ನಿಂತು ನೋಡಿದಳು. "ಏನಿದು? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ಫ್ಯಾನು ಹಾಕಿದೀನಿ. ಕೆಲಸ ಮಾಡ್ತಿಲ್ಲ ದರಿದ್ರದ್ದು."

ಎನಿಡ್ ಚಹಾ ಕೆಳಗಿಟ್ಟಳು. ಗ್ಯಾರೇಜಿನ ಮೊಳೆಯಿಂದ ಸ್ಕಾರ್ಫ್ ತೆಗೆದು ತಂದು, ತುದಿ ಹಿಡಿದು ಮುಂದಿನ ಜಾಲರಿಗೆ ಒಡ್ಡಿದಳು. ಒಳಕ್ಕೆ ಅಂಟಿಕೊಳ್ಳಬೇಕಾದ ಬಟ್ಟೆ ಅವಳ ಮುಖಕ್ಕೇ ಹಾರಿತು.

"ಗಾಳಿ ಹೊರಗೆ ಊದ್ತಿದೆಯಲ್ಲೋ! ಉಲ್ಟಾ ತಿರುಗ್ತಿದೆ."

ಕ್ಲಿಫರ್ಡ್ ಹಣೆ ಚಚ್ಚಿಕೊಂಡ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಕಾರಿನ ಮೈಗೆ ಸೇರುತ್ತದೆ, ಆ ಕಾಲದ ಕಾರುಗಳಲ್ಲಿ ಪ್ಲಸ್; ಚೀಟಿ ಬರೆದದ್ದು ಈಗಿನವಕ್ಕೆ. ಹಳೇ ಕಾರುಗಳ ಕ್ಲಬ್ಬಿಗೆ ಬಂದ ಹೊಸಬರಿಗೆಲ್ಲ ಮೂವತ್ತು ವರ್ಷ ಇದನ್ನೇ ಪಾಠ ಹೇಳಿದ ಮಹಾನುಭಾವ ಇವನು!

"ಎಲ್ಲಾ ಗೊತ್ತಿರೋನಿಗೇ ಹೀಗಾಗೋದು" ಅಂದಳು ಎನಿಡ್. ನಗಲಿಲ್ಲ.

ಎಂಜಿನ್ ಆರಿಸಿ, ಎರಡು ತಂತಿ ಅದಲುಬದಲು ಮಾಡಿ, ಮತ್ತೆ ಹಚ್ಚಿದ. ಈ ಸಲ ಸ್ಕಾರ್ಫ್ ಜಾಲರಿಗೆ ಗಪ್ಪೆಂದು ಅಂಟಿತು. ಆದರೂ ನಿಂತ ಗಾಡಿಯನ್ನು ಸ್ವಲ್ಪ ಹೊತ್ತು ಕಾದು ನೋಡಬೇಕಲ್ಲ. ಎನಿಡ್ ತಾನಾಗಿ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತಳು. "ಮುಳ್ಳು ನೋಡೋಕೆ ಅಷ್ಟೇ. ಮತ್ತೇನೂ ಅಂದ್ಕೋಬೇಡ."

ಅಂಗಳದಲ್ಲೇ, ಎಲ್ಲಿಗೂ ಹೋಗದೆ, ಇಬ್ಬರೂ ಇಪ್ಪತ್ತು ನಿಮಿಷ ಕೂತರು. ಮುಳ್ಳು ಏರಿತು, ಫ್ಯಾನು ತಿರುಗಿತು, ಮುಳ್ಳು ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು.

"ಇಷ್ಟೇ ಕೆಲಸ ಇತ್ತಾ?" ಎನಿಡ್ ಕೇಳಿದಳು. "ಬರೀ ಒಂದು ಬೆಳಿಗ್ಗೆದು?"

"ಇಷ್ಟೇ" ಅಂದ ಕ್ಲಿಫರ್ಡ್. "ತಪ್ಪು ರಸ್ತೆಯವರದ್ದಲ್ಲ ಎನಿಡ್. ನಂದು. ಬೆರಿಲ್‌ನ ಕೊನೇ ಸಲ ನೋಡೋಕೆ ನಾನೇ ಬಿಡಲಿಲ್ಲ ನಿನಗೆ."

ಎನಿಡ್ ಅತ್ತಳು. ಎರಡು ವರ್ಷದ್ದೆಲ್ಲ ಅತ್ತಳು. ಆಮೇಲೆ ಜಾಲರಿಯ ಧೂಳು ಹತ್ತಿದ್ದ ಸ್ಕಾರ್ಫನ್ನು ಒಮ್ಮೆ ಕೊಡವಿ ತಲೆಗೆ ಕಟ್ಟಿಕೊಂಡಳು.

"ನಡಿ, ಅವಳ ಹತ್ರ ಹೋಗಿ ಬರೋಣ."

"ಹಿಂದಿನ ದಾರೀಲಿ ಹೋಗ್ಲಾ? ಅಲ್ಲಿ ಗಾಡಿಗಳು ಕಮ್ಮಿ."

"ಬೇಡ. ಚೆಸ್ಟರ್‌ಫೀಲ್ಡ್ ದಾರೀಲೇ ಹೋಗು. ಅವತ್ತು ನಿಂತಲ್ಲೇ ಇವತ್ತೂ ನಿಲ್ಲಬೇಕು ನಾನು. ನಿಂತು, ಮುಂದೆ ಹೋಗಬೇಕು."