ಗರಡಿಗೆ ತಂದ ಹಾಲು

ದಾರೀಲೇ ಅರ್ಧ ಕುಡ್ದಿರ್ತಾನೆ, ಚೊಂಬು ಇಣುಕಿ ನೋಡ್ರಲೇ — ಮುದ್ದಣ್ಣನ ಮಾತು, ಬೇವಿನ ಕಟ್ಟೆಯ ಮೇಲೆ ಕೂತ ಏಳೆಂಟು ಜನರ ನಗು, ಅದರಲ್ಲಿ ಒಬ್ಬನ ನಗು ಕೆಮ್ಮಿಗೆ ತಿರುಗಿತು, ಕೆಮ್ಮಲಿ, ಕೆಮ್ಮಿ ಕೆಮ್ಮಿ ಸಾಯಲಿ, ನನ್ನ ಕೈಯಲ್ಲಿ ಹಿತ್ತಾಳೆ ಚೊಂಬು, ಕಂಠದವರೆಗೆ ಹಾಲು, ಮನೆಯಿಂದ ಇಲ್ಲಿಯವರೆಗೆ ಒಂದು ಹನಿ ಚೆಲ್ಲಿಲ್ಲ, ಒಂದು ಹನಿ ಕುಡಿದಿಲ್ಲ, ಈಗ ಚೆಲ್ಲುತ್ತಿದೆ, ನಗು ಕೇಳಿ ಗಕ್ಕನೆ ನಿಂತದ್ದೇ ಹೆಬ್ಬೆರಳ ಮೇಲೆ ಬೆಚ್ಚಗೆ ಹರಿಯಿತು. ಏ ಜುಂಜಾ, ಹಂಗೇ ನಿಂತ್ಕಂಬಿಟ್ಟೆಯಲ್ಲೋ, ಉಸ್ತಾದ್ರೇ, ಗ್ವಾಡೆ ಒಡಸ್ರಿ, ಈ ಬಾಗ್ಲಾಗೆ ಬೋರಣ್ಣನ ತಮ್ಮ ತೂರಲ್ಲ! ಮತ್ತೆ ನಗು. ಒಂದೇ ಏಟು ಸಾಕು ಇವನಿಗೆ, ನನ್ನ ತೋಳಲ್ಲಿ ಬೊಜ್ಜಿದ್ದರೇನಂತೆ, ತೂಕ ಇದೆಯಲ್ಲ, ಮೂಗಿನ ಮೇಲೆ ಬಿದ್ದರೆ ಮೂರು ದಿನ ಮುದ್ದೆ ನುಂಗಲಾರ — ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಬೆಂಚಿನ ತುದೀಗೆ ಕೂರಬ್ಯಾಡವೋ, ಆ ಕಡೆಯೋರು ಮ್ಯಾಲಕ್ಕೆ ಹಾರ್ತಾರೆ ಅಂದಾಗ ಸ್ಲೇಟನ್ನು ಗೋಡೆಗೆ ಬೀಸಿ ಒಡೆದು ಮನೆಗೆ ಬಂದವನು ನಾನು, ಮತ್ತೆ ಆ ಕಡೆ ತಲೆ ಹಾಕಿ ಮಲಗಲಿಲ್ಲ, ಒಡೆಯುವುದು ನನಗೆ ಬರುತ್ತದೆ, ಅದೊಂದು ಚೆನ್ನಾಗಿ ಬರುತ್ತದೆ. ಆದರೆ ಮೊದಲ ಮಾತು, ಆ ಮೊದಲ ಮಾತು, ದಾರೀಲೇ ಅರ್ಧ ಕುಡ್ದಿರ್ತಾನೆ — ಅವನಿಗೆ ಏನೂ ಗೊತ್ತಿಲ್ಲ, ದಪ್ಪಗಿರುವವನನ್ನು ಕಂಡಾಗ ಯಾರಾದರೂ ಆಡುವ ಮಾತು ಅದು, ಹಾಗೇ ಗಾಳಿಗೆ ಎಸೆದ ಕಲ್ಲು, ಅದು ಬಂದು ಬಿದ್ದ ಜಾಗ ಮಾತ್ರ ಅವನಿಗೆ ಗೊತ್ತಿಲ್ಲ.

ಇಲ್ಲಿಂದ ಗರಡಿಯ ಬಾಗಿಲಿಗೆ ಹತ್ತು ಹೆಜ್ಜೆ. ಎತ್ತರ ನನ್ನ ಎದೆಯವರೆಗೆ ಮಾತ್ರ, ಯಾರು ಬಂದರೂ ಬಾಗಿಯೇ ಒಳಗೆ ಹೋಗಬೇಕು, ಪಾಳೆಗಾರ ಬಂದ್ರೂ ಬಾಗ್ಬೇಕು ಕಣೋ ಎಂದು ಅಣ್ಣ ಹೇಳುತ್ತಿದ್ದ, ಅಗಲ ಮೂರು ಗೇಣು, ಅದು ಯಾರೂ ಹೇಳಿದ್ದಲ್ಲ, ಮೊನ್ನೆ ನಡುಮಧ್ಯಾಹ್ನ ಯಾರೂ ಇಲ್ಲದಾಗ ಬಂದು ಕಳ್ಳನ ಹಾಗೆ ನಾನೇ ಅಳೆದದ್ದು, ಆಮೇಲೆ ಮನೆಯಲ್ಲಿ ಗೋಡೆಗೆ ಒತ್ತಿ ನಿಂತು ಎಡಕ್ಕೊಂದು ಬಲಕ್ಕೊಂದು ಇದ್ದಿಲ ಗೆರೆ ಎಳೆದು ನನ್ನನ್ನೂ ಅಳೆದುಕೊಂಡೆ, ಮೂರು ಗೇಣಿಗೆ ನಾಲ್ಕು ಬೆರಳು ಕಡಿಮೆ, ತೂರುತ್ತೇನೆ, ಗೊತ್ತು, ಆದರೂ ಬಾಗಿದಾಗ ಹೊಟ್ಟೆ ಎಲ್ಲಿಗೆ ಹೋಗುತ್ತದೆ, ಅದನ್ನು ಇದ್ದಿಲಿನಲ್ಲಿ ಅಳೆಯಲಾಗುವುದಿಲ್ಲ. ನಾಲ್ಕು ಬೆಳಗು ಬಂದು ನಾಲ್ಕು ಬೆಳಗೂ ಹಿಂದಿರುಗಿದ್ದೇನೆ. ಮೊದಲ ದಿನ ಹೊಂಡದ ಮೆಟ್ಟಿಲವರೆಗೆ, ಎರಡನೇ ದಿನ ಎಣ್ಣೆ ಗಾಣದವರೆಗೆ, ಮೂರನೇ ದಿನ ಮಳೆ ಬರುತ್ತದೆ ಎಂದುಕೊಂಡೆ, ಕೋಟೆಯ ಬಂಡೆಗಳ ಮೇಲೆ ಒಂದು ತುಂಡು ಮೋಡವೂ ಇರಲಿಲ್ಲ, ನಿನ್ನೆ ಈ ಬೇವಿನ ಮರದ ಹಿಂದೆಯೇ ನಿಂತಿದ್ದೆ, ಒಳಗಿಂದ ಬಸ್ಕಿ ಎಣಿಸುವ ದನಿ, ಐವತ್ತೊಂದು ಐವತ್ತೆರಡು, ತೊಡೆ ತಟ್ಟುವ ಸದ್ದು, ಕೆಮ್ಮಣ್ಣಿನ ವಾಸನೆ, ಅದು ನಮ್ಮ ಅಣ್ಣನ ವಾಸನೆ, ಮೂಗಿಗೆ ಬಡಿದದ್ದೇ ತಿರುಗಿ ಓಡಿದೆ, ಓಡಿದೆ ಎಂದರೆ ನಾಲ್ಕು ಮಾರು, ಆಮೇಲೆ ಏದುಸಿರು. ಒಳಗೆ ಹೋದರೆ ಅಂಗಿ ಕಳಚಬೇಕು, ಪಂಚೆ ಕಳಚಬೇಕು, ಬರೀ ಲಂಗೋಟಿಯಲ್ಲಿ ನಿಂತು ಸನಿಕೆ ಹಿಡಿದು ಕುಸ್ತಿಯ ಮಣ್ಣು ಅಗೆಯಬೇಕು, ಹೊಸಬ ತನ್ನ ಮನೆಯ ಎಮ್ಮೆಯ ಹಾಲನ್ನು ಒಂದು ಚೊಂಬು ತರಬೇಕು, ಉಸ್ತಾದ್ ಕಾಟಲಿಂಗಪ್ಪನವರು ಅದನ್ನು ಮಣ್ಣಿಗೆ ಸುರಿಯುತ್ತಾರೆ, ಹೊಸಬ ಎಲ್ಲರ ಕಣ್ಣ ಮುಂದೆ ಕಲಸಬೇಕು, ಆಮೇಲೆಯೇ ಅವನು ಈ ಗರಡಿಯವನು, ಹಾಲಿಗೆ ನೀರು ಬೆರೆತಿರಬಾರದು, ಬೆರೆತಿದ್ದರೆ ಹನುಮಪ್ಪ ಮುನಿಯುತ್ತಾನೆ. ಅಗೆಯುವಾಗ ನನ್ನ ಎದೆ ಅಲುಗುತ್ತದೆ, ಹೆಂಗಸರ ಎದೆಯ ಹಾಗೆ, ಹೊಟ್ಟೆ ಎರಡು ಮಡಿಕೆಯಾಗಿ ಲಂಗೋಟಿಯ ಮೇಲೆ ಕೂರುತ್ತದೆ, ನೋಡುತ್ತಾರೆ, ಎಲ್ಲರೂ ನೋಡುತ್ತಾರೆ. ಅಣ್ಣನ ಲಂಗೋಟಿ ನನ್ನ ಸೊಂಟಕ್ಕೆ ಸುತ್ತು ಬರಲಿಲ್ಲ, ಅವ್ವ ಅವನ ಹಳೇ ರುಮಾಲಿನ ತುಂಡು ಹರಿದು ಎರಡೂ ಕಡೆ ಸೇರಿಸಿ ಹೊಲಿದಳು, ದಾರವನ್ನು ಹಲ್ಲಿನಲ್ಲಿ ಕಡಿದು, ಈಗ ಬಂತು ನೋಡು ಅಂದಳು, ಅಷ್ಟೇ, ಕೆಂಪು ಬಟ್ಟೆಗೆ ಬಿಳಿ ತುಂಡು, ಈಗ ಅದು ನನ್ನ ಕಂಕುಳಲ್ಲಿದೆ.

ಅವ್ವನಿಗೂ ಗೊತ್ತಿಲ್ಲ. ನಮ್ಮವ್ವ ಕೆಂಚಕ್ಕನ ಮನೆ ಎಮ್ಮೆ ಹಾಲು ಅಂದರೆ ಕೇರಿಗೆಲ್ಲ ಗೊತ್ತು, ಅಷ್ಟು ಗಟ್ಟಿ, ಪ್ಲೇಗಿನ ವರ್ಷ ಅಪ್ಪ ಹೋದ ಮೇಲೆ ಆ ಎಮ್ಮೆ ಮತ್ತು ನಮ್ಮ ಮಾವನ ಕಂಬಳಿ ಮಗ್ಗ, ಇವೆರಡರಲ್ಲೇ ನಾವು ಬದುಕಿದ್ದು, ನಾನು ಮಾವನ ಮಗ್ಗದ ಪಕ್ಕ ಕೂತು ಉಣ್ಣೆ ಹಿಂಜುತ್ತಿದ್ದೆ, ಬೆಳಗಿಂದ ಬೈಗಿನವರೆಗೆ ಕೂತಲ್ಲೇ, ಅಣ್ಣ ಗರಡಿಗೆ ಹೋಗುತ್ತಿದ್ದ. ಮುಂಜಾನೆ ಕರೆದ ಹಾಲಲ್ಲಿ ಒಂದು ಚೊಂಬು ಅಣ್ಣನಿಗೆ, ಅದು ಕಟ್ಟಳೆ, ಮನೆಯಲ್ಲೊಬ್ಬ ಪೈಲ್ವಾನ ಇದ್ದರೆ ಅವನ ಹಾಲನ್ನು ಮನೆಯವರು ಮುಟ್ಟುವುದಿಲ್ಲ, ದೇವರ ಮೀಸಲಿನ ಹಾಗೆ, ಕಾಯಿಸಿ ಹಿತ್ತಲ ಬಾಗಿಲ ಗೂಡಿನಲ್ಲಿ ಇಟ್ಟು ಅವ್ವ ಮೇವಿಗೆ ಹೋಗುತ್ತಿದ್ದಳು. ಇದೇ ಚೊಂಬು. ಕಂಠದ ಕೆಳಗೆ ಒಂದು ನಗ್ಗು ಇದೆ, ಒಳಗೂ ಹೊರಗೂ ಬೆರಳಿಗೆ ಸಿಗುತ್ತದೆ, ನಗ್ಗಿನವರೆಗೆ ಕುಡಿದು ನಗ್ಗಿನ ಮೇಲಕ್ಕೆ ನೀರು ಹೊಯ್ಯುತ್ತಿದ್ದೆ, ಮೊದಮೊದಲು ಅಷ್ಟೇ, ಆಮೇಲೆ ಅರ್ಧ, ಅರ್ಧ ಹಾಲು ನನಗೆ, ಅರ್ಧ ಹಾಲು ಅರ್ಧ ನೀರು ಅವನಿಗೆ. ಹಸಿವಿರಲಿಲ್ಲ, ಸುಳ್ಳು ಹೇಳಬಾರದು, ಮುದ್ದೆಗೆ ಬರವಿರಲಿಲ್ಲ, ಬೀದಿಯಲ್ಲಿ ಅಣ್ಣ ನಡೆದರೆ ಜನ ಎದ್ದು ನಿಲ್ಲುತ್ತಿದ್ದರು, ನಾನು ನಡೆದರೆ ಬೆಣ್ಣೆ ಗಡಿಗೆ ಬಂತು ಅನ್ನುತ್ತಿದ್ದರು, ಹುಟ್ಟಿದಾಗಿಂದ ಗುಂಡಗಿದ್ದೆ, ಆ ಹಾಲು ಕುಡಿದರೆ ಈ ಗುಂಡು ಗಟ್ಟಿಯಾಗುತ್ತದೆ ಎಂದುಕೊಂಡೆ, ಗರಡಿಗೆ ಹೋಗದೆ, ಯಾರ ಮುಂದೆಯೂ ಬಟ್ಟೆ ಬಿಚ್ಚದೆ, ಮಗ್ಗದ ಪಕ್ಕದಲ್ಲೇ ಕೂತು ಪೈಲ್ವಾನನಾಗಿ ಒಂದು ದಿನ ಎದ್ದು ನಿಲ್ಲುತ್ತೇನೆ ಎಂದುಕೊಂಡೆ, ಹದಿನೈದು ವರ್ಷದವನಿಗೆ ಇಷ್ಟೂ ಬುದ್ಧಿ ಬೇಡವೇ, ಕೂತು ಕುಡಿದ ಹಾಲು ಕೂತಲ್ಲೇ ಉಳಿಯಿತು, ಇಲ್ಲಿ, ಇಲ್ಲಿ, ಈ ಪಕ್ಕೆಯಲ್ಲಿ, ಗಲ್ಲದ ಕೆಳಗೆ, ಎತ್ತಿಕೊಂಡು ತಿರುಗುತ್ತಿದ್ದೇನೆ. ಒಂದು ಬೆಳಗು ಅಣ್ಣ ಬೇಗ ಬಂದ, ಮೈಯೆಲ್ಲ ಕೆಮ್ಮಣ್ಣು, ಹಿತ್ತಲ ಬಾಗಿಲಲ್ಲಿ ನಿಂತ, ನನ್ನ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ನೀರಿನ ಲೋಟ, ಬೈಯುತ್ತಾನೆ ಎಂದುಕೊಂಡೆ, ಒದೆಯುತ್ತಾನೆ ಎಂದು ಹೊಟ್ಟೆ ಬಿಗಿಹಿಡಿದೆ, ಹತ್ತಿರ ಬಂದ, ಹೆಬ್ಬೆರಳಿನಿಂದ ನನ್ನ ಮೇಲ್ದುಟಿ ಒರೆಸಿದ, ಕೆನೆ ಅಂಟಿತ್ತು, ಕೆನೆ ಹೋಯಿತು, ಮಣ್ಣು ಅಂಟಿತು, ಬಾಯಿ ತೊಳ್ಕಳೋ, ಅವ್ವ ಬಂದಾಳು ಅಂದ, ಚೊಂಬು ತೆಗೆದುಕೊಂಡು ಆ ನೀರುಹಾಲನ್ನು ನಿಂತೇ ಗಟಗಟ ಕುಡಿದ. ಅಷ್ಟೇ. ಮಾರನೆಯ ದಿನ ನಾನು ಮತ್ತೆ ಕುಡಿದೆ. ಅದನ್ನು ಬಿಟ್ಟು ಹೇಳಬಾರದು — ಮಾರನೆಯ ದಿನವೂ ಕುಡಿದೆ, ಅದರ ಮಾರನೆಯ ದಿನವೂ, ಅವನು ಬೈದಿದ್ದರೆ ನಿಲ್ಲಿಸುತ್ತಿದ್ದೆ, ಬೈಯಬೇಕಾಗಿತ್ತು ಅವನು, ಯಾಕೆ ಬೈಯಲಿಲ್ಲ, ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟು, ಕದ್ದವನು ನಾನು, ಸಿಟ್ಟು ಅವನ ಮೇಲೆ, ಎಂಥ ನಾಯಿ ಜನ್ಮ ಇದು.

ಮೂರು ತಿಂಗಳು ಹಾಗೇ. ಹಿರಿಯೂರಿನಲ್ಲಿ ಅಣ್ಣನಿಗೆ ಕುಸ್ತಿಯ ಜೋಡಿ ಬಿತ್ತು, ಹೊಸದುರ್ಗದ ಕಡೆಯ ಪೈಲ್ವಾನ, ಅಣ್ಣನಿಗಿಂತ ಗಿಡ್ಡ, ಎಲ್ಲರೂ ಅಣ್ಣನೇ ಗೆಲ್ಲುತ್ತಾನೆ ಎಂದರು, ಬಂಡಿ ಕಟ್ಟಿಕೊಂಡು ಹೋದೆವು, ಮೊದಲು ಅಣ್ಣನೇ ಮೇಲಿದ್ದ, ಎರಡು ಸಲ ಆ ಗಿಡ್ಡನನ್ನು ಎತ್ತಿ ಒಗೆದ, ಆಮೇಲೆ ಉಸಿರು — ಅಣ್ಣನ ಉಸಿರು ನಾನು ಕೂತಲ್ಲಿಗೇ ಕೇಳುತ್ತಿತ್ತು, ತೂತು ಬಿದ್ದ ತಿದಿಯ ಹಾಗೆ, ಗಿಡ್ಡ ಅವನ ಬಲಗೈಯನ್ನು ಹಿಂದಕ್ಕೆ ತಿರುವಿದ, ಕಟ್ ಅಂತ ಒಂದು ಸದ್ದು, ಹಸಿ ಕಬ್ಬು ಮುರಿದ ಹಾಗೆ. ಉಸ್ತಾದ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಮ್ಮೇ ಇಲ್ಲವಲ್ಲೋ ಬೋರಣ್ಣ, ಹಾಲು ಗೀಲು ಸರಿಯಾಗಿ ಕುಡೀತಿದ್ದೆಯೇನೋ? ಕುಡೀತಿದ್ದೆ ಉಸ್ತಾದ್ರೇ, ದಿನಾ ಒಂದು ಚೊಂಬು. ನಾನು ಅವನ ಕಾಲ ಬಳಿ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ. ಅರ್ಧ ಚೊಂಬು ಹಾಲು ಒಬ್ಬನ ತೋಳು ಕಳಚುತ್ತದೆಯೇ, ಕಳಚುವುದಿಲ್ಲ ಎಂದು ನಾಲ್ಕು ವರ್ಷದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ತೋಳು ಕೂಡಿಸಿದವನು ಸರಿಯಾಗಿ ಕೂಡಿಸಲಿಲ್ಲ, ಆ ಗಿಡ್ಡನಿಗೆ ಪಟ್ಟು ಗೊತ್ತಿತ್ತು, ಅಣ್ಣನ ಗ್ರಹಚಾರ, ಎಲ್ಲ ನಿಜ ಇರಬಹುದು, ಉಸಿರು ಮಾತ್ರ ನಾನು ಕದ್ದದ್ದು. ಈಗ ಮಾರಿಕಣಿವೆಯಲ್ಲಿದ್ದಾನೆ, ಅಣೆಕಟ್ಟಿಗೆ ಕಲ್ಲು ಒಡೆಯುವ ಕಡೆ, ಬಲಗೈ ಕಿವಿಗಿಂತ ಮೇಲೆ ಏಳುವುದಿಲ್ಲ, ಬಂಡೆಗೆ ಮದ್ದಿಟ್ಟು ಹಾರಿಸುವ ಮುಂಚೆ ಎಡಗೈಯಲ್ಲಿ ಕೆಂಪು ಬಟ್ಟೆ ಬೀಸಿ ಜನರನ್ನು ದೂರ ಓಡಿಸುವ ಕೆಲಸ. ಹೋದ ತಿಂಗಳು ಹೋಗಿದ್ದೆ, ಹೇಳಿಬಿಡುತ್ತೇನೆ ಎಂದೇ ಹೋಗಿದ್ದೆ, ದಾರಿಯುದ್ದಕ್ಕೂ ಬಂಡಿಯಲ್ಲಿ ಕೂತು ಮಾತು ಜೋಡಿಸಿಕೊಂಡಿದ್ದೆ, ಅಣ್ಣ ಆ ಹಾಲು, ಅಣ್ಣ ಅವತ್ತು, ಅಣ್ಣ — ಅವನು ಬಂಡೆಯ ನೆರಳಲ್ಲಿ ಕೂರಿಸಿಕೊಂಡು ತನ್ನ ಬುತ್ತಿಯ ರೊಟ್ಟಿ ನನಗೇ ಮುರಿದು ಕೊಟ್ಟ, ನಾನು ತಿಂದೆ, ಅದನ್ನೂ ತಿಂದೆ! ಮೈ ಬಾಳ ಬಂದೈತೆ ಕಣೋ ಜುಂಜ, ಏದುಸಿರು ಬಿಡ್ತೀಯ, ಅಪ್ಪನೂ ಹಿಂಗೇ ಇದ್ದ, ಗರಡಿಗೆ ಹೋಗು, ನನ್ನ ಗೂಟದ ಮ್ಯಾಲೆ ಉಸ್ತಾದ್ರು ಇನ್ನೂ ಯಾರ ಬಟ್ಟೇನೂ ಹಾಕ್ಸಿಲ್ಲಂತೆ. ನನ್ನ ನೋಡಿ ನಗ್ತಾರೆ ಅಣ್ಣ ಅಂದೆ. ನಗ್ಲಿ ಬಿಡು, ಎಂಟು ದಿನ ನಗ್ತಾರೆ, ಒಂಬತ್ತನೇ ದಿನ ಅವ್ರಿಗೂ ಬ್ಯಾಸರ ಆಗ್ತೈತೆ. ಆಮೇಲೆ ಕೆಂಪು ಬಟ್ಟೆಯನ್ನು ಮಡಿಸುತ್ತಾ, ನನ್ನ ಮುಖ ನೋಡದೆ, ಎಮ್ಮೆ ಹಾಲು ನಂಗೆ ಯಾವತ್ತೂ ಹಿಡ್ದಿದ್ದೇ ಇಲ್ಲ ಬಿಡೋ, ಹೊಟ್ಟೆ ಕಟ್ಟೋದು ಅಂದ. ಸುಳ್ಳ. ಕೆನೆಗಾಗಿ ಚೊಂಬಿನ ತಳಕ್ಕೆ ಬೆರಳು ಹಾಕಿ ನೆಕ್ಕುತ್ತಿದ್ದವನು. ಅಷ್ಟರಲ್ಲಿ ಮೇಸ್ತ್ರಿ ಕೂಗಿದ, ಅಣ್ಣ ಎದ್ದು ಬಟ್ಟೆ ಬೀಸುತ್ತಾ ಹೋದ, ಓಡ್ರೀ, ಓಡ್ರೀ, ಬಂಡೆ ಹಾರಿತು, ಜೋಡಿಸಿಕೊಂಡಿದ್ದ ಮಾತನ್ನು ಹಾಗೇ ಹೊತ್ತುಕೊಂಡು ಬಂಡಿ ಹತ್ತಿದೆ.

ಏನಪ್ಪ, ಬಾಯಾಗೆ ಹಾಲಿಟ್ಕಂಡಿದ್ದೀಯೇನೋ, ಮಾತೇ ಬರವಲ್ದು — ಮುದ್ದಣ್ಣ ಕಟ್ಟೆಯಿಂದ ಇಳಿದಿದ್ದಾನೆ, ಹತ್ತಿರ ಬಂದಿದ್ದಾನೆ, ಬೇವಿನ ಕಡ್ಡಿ ಜಗಿಯುತ್ತಾ ಚೊಂಬಿನೊಳಗೆ ನಿಜಕ್ಕೂ ಇಣುಕುತ್ತಾನೆ, ಅಯ್ಯೋ, ತುಂಬೈತಲ್ಲೋ! ಕಟ್ಟೆಯ ಮೇಲೆ ನಗು. ಒಳಗಿಂದ ಉಸ್ತಾದ್ ದನಿ, ಯಾರಲೇ ಅದು ಹೊರಗೆ? ಬೋರಣ್ಣನ ತಮ್ಮ ಉಸ್ತಾದ್ರೇ. ಹಾಲು ತಂದಾನೇನು? ತಂದಾನೆ. ಹಂಗಾರೆ ಅಲ್ಲೇನು ನೋಡ್ತಾನೆ, ಒಳಾಕೆ ಬರಾಕೇಳು, ಬಾಗಿ ಬರಾಕೇಳು. ಮುದ್ದಣ್ಣ ಕಡ್ಡಿ ಉಗಿದ, ಕಟ್ಟೆಯವರಿಗೆಲ್ಲ ಕೇಳುವ ಹಾಗೆ, ಹೋಗುವಂತೆ, ಅದಕ್ಕೂ ಮುಂಚೆ ಒಂದು ಹೇಳಿ ಹೋಗು, ನಿಮ್ಮಣ್ಣಂಗೆ ಇಟ್ಟಿದ್ದ ಹಾಲ್ನೂ ನೀನೇ ಕುಡೀತಿದ್ದೆ ಅಲ್ವೇನಲೇ, ಇಲ್ದಿದ್ರೆ ಆ ಗಿಡ್ಡನ ಕೈಲಿ ಬೋರಣ್ಣ ಬೀಳ್ತಿದ್ನಾ? ನಗುತ್ತಿದ್ದಾನೆ, ಕಣ್ಣಲ್ಲಿ ಏನೂ ಇಲ್ಲ, ಬರೀ ನಗು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ಹೌದು ಎಂದರೆ ಅದನ್ನೂ ತಮಾಷೆ ಎಂದುಕೊಳ್ಳುತ್ತಾರೆ, ಇಲ್ಲ ಎಂದರೆ ಅದು ಸುಳ್ಳು, ಹೊಡೆದರೆ ಹಾಲು ಚೆಲ್ಲುತ್ತದೆ, ಹೊಡೆಯುವ ಕೈಯಲ್ಲೇ ಹಾಲಿದೆ, ಮತ್ತೆ ಅವನು ಹೇಳಿದ್ದರಲ್ಲಿ ಹೊಡೆಯುವಂಥದ್ದು ಏನಿದೆ, ಅಣ್ಣ ಬೈಯದೆ ಬಿಟ್ಟದ್ದನ್ನು ಇವನು ಬೈದ, ಅಷ್ಟೇ, ನಾಲ್ಕು ವರ್ಷ ತಡವಾಗಿ, ಬೇರೆಯವನ ಬಾಯಲ್ಲಿ. ಅವನಿಗೆ ಬೆನ್ನು ತಿರುಗಿಸುತ್ತೇನೆ. ಲೇ, ಕೇಳಿದ್ದಕ್ಕೆ ಹೇಳೋ! ಒಂದು ಹೆಜ್ಜೆ, ಎರಡು, ನನ್ನ ಹಿಂಬದಿ ಅಲುಗುವುದನ್ನು ಅವರೆಲ್ಲ ನೋಡುತ್ತಿದ್ದಾರೆ, ನೋಡಲಿ, ಎಂಟು ದಿನ ನಗಲಿ, ಐದನೇ ಹೆಜ್ಜೆ, ಆರು, ಚೊಂಬಿನ ನಗ್ಗು ಬೆರಳಿಗೆ ಸಿಗುತ್ತದೆ, ಅದರ ಮೇಲೂ ಹಾಲೇ, ಕಂಠದವರೆಗೂ ಹಾಲೇ, ಏಯ್ ಜುಂಜಾ! ಒಂಬತ್ತು, ಹೊಸಿಲ ಆಚೆ ಚೊಂಬನ್ನು ಮೊದಲು ಇಡುತ್ತೇನೆ, ಬಾಗು, ಇನ್ನೂ ಬಾಗು, ಹೊಟ್ಟೆ ತೊಡೆಗೆ ಒತ್ತುತ್ತದೆ, ಎರಡು ಪಕ್ಕೆಗೂ ಕಲ್ಲು ತಣ್ಣಗೆ ತಾಗುತ್ತದೆ, ಉಜ್ಜುತ್ತದೆ, ಬಿಡುತ್ತದೆ, ಒಳಗೆ ಕತ್ತಲು, ಕೆಮ್ಮಣ್ಣಿನ ವಾಸನೆ, ಬಾಯಿ ತೊಳ್ಕಳೋ, ಮೇಲ್ದುಟಿಯ ಮೇಲೆ ಅವನ ಹೆಬ್ಬೆರಳು, ಒರೆಸಿದ್ದು ಹಾಲು, ಉಳಿದದ್ದು ಮಣ್ಣು, ಕೆಂಪಗೆ, ಹೆಬ್ಬೆರಳು, ಅಣ್ಣನ ಹೆಬ್ಬೆರಳು —